ರೆಗ್ಯುಲೇಟರ್ ಹೋಸಿನ ಉದ್ದ: ಕೊಡುವ ಕ್ರಮ ಮೊದಲು, ಅಳತೆ ಆಮೇಲೆ

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ದೋಣಿಗಳು ಹೊರಡುವುದಿಲ್ಲ. ಸೆಪ್ಟೆಂಬರ್ ಕಳೆಯುವವರೆಗೆ ಕಡಲಿನ ಬಾಗಿಲು ಮುಚ್ಚಿದ್ದೇ ಸರಿ. ಸಾಗರ, ಶಿವಮೊಗ್ಗ, ತೀರ್ಥಹಳ್ಳಿಯ ಕಡೆಯಿಂದ ಘಟ್ಟ ಇಳಿದು ಡೈವ್ ಮಾಡುವ ನಮ್ಮಂಥವರಿಗೆ ಇದು ಸಲಕರಣೆಗಳನ್ನು ಬಿಚ್ಚಿ ನೋಡುವ, ಸವೆದದ್ದನ್ನು ಬದಲಿಸುವ, ಬೇಕಾದದ್ದನ್ನು ತರಿಸುವ ಕಾಲ. ಸಿಲಿಂಡರಿನ ಗಾಳಿಯನ್ನು ಉಸಿರಾಡಲು ಕೊಡುವ ರೆಗ್ಯುಲೇಟರನ್ನು ಸ್ವಂತಕ್ಕೆ ಕೊಂಡ ಪರಿಚಿತರು ಈ ತಿಂಗಳುಗಳಲ್ಲಿ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಅದರ ಕೊಳವೆಯ, ಅಂದರೆ ಹೋಸಿನದು: ಯಾವ ಹೋಸ್ ಎಷ್ಟುದ್ದ ಇರಬೇಕು, ಕಾರ್ಖಾನೆಯಿಂದ ಬಂದದ್ದನ್ನೇ ಇಟ್ಟುಕೊಂಡರೆ ಸಾಲದೇ, ಏಳಡಿಯ ಹೋಸ್ ಹಾಕಿಕೊಂಡವರನ್ನು ನೋಡಿದ್ದೇವಲ್ಲ, ಅದು ನಮಗೂ ಬೇಕೇ?

ಹೀಗೆ ಕೇಳುವವರಲ್ಲಿ ಬಹುತೇಕರು ತಮ್ಮ ಎತ್ತರವನ್ನು ಹೇಳಿ ಅದಕ್ಕೆ ತಕ್ಕ ಅಳತೆಯನ್ನು ನಿರೀಕ್ಷಿಸುತ್ತಾರೆ. ಎತ್ತರದಿಂದ ನಾಲ್ಕು ಬೆರಳಿನಷ್ಟು ವ್ಯತ್ಯಾಸ ಬೀಳಬಹುದು, ಅಷ್ಟೇ. ಉದ್ದವನ್ನು ನಿಜವಾಗಿ ನಿರ್ಧರಿಸುವುದು ಬೇರೆ ಸಂಗತಿ: ನೀರಿನೊಳಗೆ ಜೊತೆಗಾರನ ಗಾಳಿ ಮುಗಿದಾಗ ನೀವು ಅವನಿಗೆ ಯಾವ ಸೆಕೆಂಡ್ ಸ್ಟೇಜನ್ನು (ಹೋಸಿನ ತುದಿಯ, ಬಾಯಲ್ಲಿಟ್ಟು ಉಸಿರಾಡುವ ಭಾಗ) ಕೊಡುತ್ತೀರಿ, ಬಾಯಲ್ಲಿರುವುದನ್ನೋ ಎದೆಯ ಮೇಲಿರುವುದನ್ನೋ? ಇದಕ್ಕೆ ಉತ್ತರ ಸಿಗದೆ ಹೋಸ್ ಕೊಳ್ಳುವುದು ವ್ಯರ್ಥ. ಉತ್ತರ ಸಿಕ್ಕಿತೆಂದರೆ ಅಳತೆಗಳು ಹೆಚ್ಚುಕಡಿಮೆ ತಾವಾಗಿಯೇ ನಿಲ್ಲುತ್ತವೆ.

ಸಿಲಿಂಡರಿನ ಬಾಯಿಗೆ ಕೂರುವ ಫಸ್ಟ್ ಸ್ಟೇಜ್ ಮಾಡುವ ಕೆಲಸವನ್ನು ಇಲ್ಲಿ ಒಮ್ಮೆ ನೆನಪಿಸಿಕೊಳ್ಳಬೇಕು. ಸಿಲಿಂಡರಿನಲ್ಲಿರುವ ಸುಮಾರು 200 ಬಾರ್ ಒತ್ತಡವನ್ನು ಅದು ಸುತ್ತಲಿನ ನೀರಿನ ಒತ್ತಡಕ್ಕಿಂತ 9ರಿಂದ 10 ಬಾರ್ ಹೆಚ್ಚಿರುವಂತೆ ಇಳಿಸಿ, ಕಡಿಮೆ ಒತ್ತಡದ ಹೋಸ್‌ಗಳಿಗೆ ಬಿಡುತ್ತದೆ. ಬಾಯಿಗೆ ಹೋಗುವ ಹೋಸ್, ಆಕ್ಟೋಪಸ್ ಎಂದು ಕರೆಯುವ ಹೆಚ್ಚುವರಿ ಸೆಕೆಂಡ್ ಸ್ಟೇಜಿನ ಹೋಸ್, ತೇಲುವಿಕೆ ಹೊಂದಿಸಲು ಮೈಗೆ ಕಟ್ಟಿಕೊಳ್ಳುವ ಬಿಸಿಡಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಹೋಸ್, ಈ ಮೂರೂ ಆ ಗುಂಪಿನವು. ನಾಲ್ಕನೆಯದು ಸಿಲಿಂಡರಿನ ಒತ್ತಡ ತೋರಿಸುವ ಗೇಜಿಗೆ ಹೋಗುವ ಹೋಸ್; ಅದರಲ್ಲಿ ಮಾತ್ರ ಸಿಲಿಂಡರಿನ ಪೂರ್ತಿ ಒತ್ತಡ ಇರುತ್ತದೆ. ಹೋಸ್ ಉದ್ದವಾದಷ್ಟೂ ಉಸಿರೆಳೆಯುವುದು ಕಷ್ಟವಾಗುತ್ತದೆ ಎಂಬ ಭಯವನ್ನು ಹಲವರು ಹೇಳಿಕೊಂಡಿದ್ದಾರೆ. ಒತ್ತಡದ ಅಂತರ ಇಷ್ಟು ದೊಡ್ಡದಿರುವಾಗ ಎರಡು ಮೀಟರ್ ಕೊಳವೆಯಲ್ಲಿ ಕಳೆದುಹೋಗುವುದು ಗಮನಕ್ಕೆ ಬರುವಷ್ಟಲ್ಲ, ಆದ್ದರಿಂದ ಒಳ್ಳೆಯ ಸ್ಥಿತಿಯಲ್ಲಿರುವ ಫಸ್ಟ್ ಸ್ಟೇಜ್ ಇದ್ದವರು ಆ ಚಿಂತೆಯನ್ನು ಬಿಟ್ಟುಬಿಡಬಹುದು.

ಅಂಗಡಿಯಿಂದ ಬರುವ ಸೆಟ್ಟಿನಲ್ಲಿ ಬಾಯಿಯ ಹೋಸ್ ಸಾಮಾನ್ಯವಾಗಿ 70ರಿಂದ 80 ಸೆಂ.ಮೀ., ಆಕ್ಟೋಪಸ್ಸಿನದು 90ರಿಂದ 100 ಸೆಂ.ಮೀ. ಇರುತ್ತದೆ. ಎರಡೂ ಬಲಗಡೆಯಿಂದ ಬರುತ್ತವೆ. ಆಕ್ಟೋಪಸ್ ಹಳದಿ ಬಣ್ಣದ್ದಾಗಿ, ಗದ್ದ ಮತ್ತು ಪಕ್ಕೆಲುಬುಗಳ ನಡುವಿನ ತ್ರಿಕೋನದಲ್ಲಿ ಸಿಕ್ಕಿಸಿಕೊಂಡಿರುತ್ತದೆ. ಗಾಳಿ ಇಲ್ಲದವನು ಬಂದು ಹಳದಿಯದನ್ನು ತೆಗೆದುಕೊಳ್ಳುತ್ತಾನೆ, ನೀವು ನಿಮ್ಮದನ್ನು ಬಾಯಿಂದ ತೆಗೆಯಬೇಕಾಗಿಲ್ಲ ಎಂಬುದು ಇದರ ಹಿಂದಿನ ಲೆಕ್ಕ. ಈ ಕ್ರಮದಲ್ಲಿ ತಪ್ಪೇನೂ ಇಲ್ಲ. ಜಗತ್ತಿನ ಬಹುಪಾಲು ಮನರಂಜನಾ ಡೈವಿಂಗ್ ಹೀಗೆಯೇ ನಡೆಯುತ್ತದೆ, ನಮ್ಮ ದೋಣಿಗಳಲ್ಲಿ ಬಾಡಿಗೆಗೆ ಸಿಗುವ ಸೆಟ್ಟುಗಳೂ ಹೀಗೆಯೇ ಇರುತ್ತವೆ.

ಆದರೂ ಬಳಸುತ್ತ ಹೋದಂತೆ ಅದರ ಕೊರತೆಗಳು ಕಾಣಿಸಿಕೊಳ್ಳುತ್ತವೆ. 75 ಸೆಂ.ಮೀ. ಹೋಸ್ ಬಲ ಭುಜದ ಮೇಲಿಂದ ಬಿಲ್ಲಿನಂತೆ ಹೊರಗೆ ಬಾಗಿ ಬಾಯಿಗೆ ಬರುವುದರಿಂದ, ತಲೆಯನ್ನು ಎಡಕ್ಕೆ ತಿರುಗಿಸಿದಾಗ ಅದು ಮೌತ್‌ಪೀಸನ್ನು ಎಳೆಯುತ್ತದೆ. ಎರಡನೆಯ ಡೈವ್ ಮುಗಿಯುವ ಹೊತ್ತಿಗೆ ದವಡೆ ನೋಯುವುದಕ್ಕೆ ಎಷ್ಟೋ ಸಲ ಇದೇ ಕಾರಣ, ಮೌತ್‌ಪೀಸ್ ಅಲ್ಲ. ಆಕ್ಟೋಪಸ್ಸಿನ ಹೋಸ್ ಬಲ ಪಕ್ಕೆಯ ಬಳಿ ಕುಣಿಕೆಯಾಗಿ ನಿಂತು ದೋಣಿಯ ಏಣಿಗೆ, ಇನ್ನೊಬ್ಬರ ಸಿಲಿಂಡರಿಗೆ, ಕೆಳಗೆ ಬಂಡೆಯ ಹವಳಕ್ಕೆ ಸಿಕ್ಕಿಕೊಳ್ಳಬಹುದು. ಸಿಕ್ಕಿಸಿದ ಜಾಗದಿಂದ ಅದು ಕಳಚಿ ಹಿಂದೆ ಜೋತುಬಿದ್ದರೆ, ಬೇಕಾದ ಕ್ಷಣದಲ್ಲಿ ಇಬ್ಬರೂ ಹುಡುಕಬೇಕಾಗುತ್ತದೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಗಾಳಿ ಮುಗಿದು ಗಾಬರಿಯಾದವನ ಕಣ್ಣಿಗೆ ಮೊದಲು ಬೀಳುವುದು ಗುಳ್ಳೆ ಬಿಡುತ್ತಿರುವ, ಅಂದರೆ ನಿಮ್ಮ ಬಾಯಲ್ಲಿರುವ ಸೆಕೆಂಡ್ ಸ್ಟೇಜ್. ತರಗತಿಯಲ್ಲಿ ಕಲಿತದ್ದು ಹಳದಿಯದ್ದಾದರೂ ಆ ಹೊತ್ತಿನಲ್ಲಿ ಅವನು ಇದಕ್ಕೇ ಕೈ ಹಾಕಬಹುದು. ಹಾಗೆ ಕಿತ್ತುಕೊಂಡರೆ 75 ಸೆಂ.ಮೀ. ಹೋಸಿನ ತುದಿಯಲ್ಲಿ ಇಬ್ಬರ ಮುಖಗಳೂ ಒತ್ತಿಕೊಂಡಿರುತ್ತವೆ.

ಹಾಗಾದರೆ ಬಾಯಲ್ಲಿರುವುದನ್ನೇ ಕೊಡುವುದು, ತಾನು ಕುತ್ತಿಗೆಯ ಕೆಳಗೆ ತೂಗುಹಾಕಿಕೊಂಡ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವುದು ಎಂಬುದು ಎರಡನೆಯ ಕ್ರಮ. ಇದು ಬೆಳೆದದ್ದು ಅಮೆರಿಕದ ಫ್ಲಾರಿಡಾದ ನೀರು ತುಂಬಿದ ಗುಹೆಗಳಲ್ಲಿ. ಅಲ್ಲಿನ ಗುಹಾ ಡೈವರ್ ವಿಲಿಯಂ ಹೊಗಾರ್ತ್ ಮೇನ್ ಅವರ ಹೆಸರಿನಿಂದಲೇ ಇಂದಿಗೂ ಈ ಜೋಡಣೆಯನ್ನು ಹೊಗಾರ್ಥಿಯನ್ ಎಂದು ಕರೆಯುತ್ತಾರೆ. ಏಳಡಿ, ಅಂದರೆ 213 ಸೆಂ.ಮೀ. ಉದ್ದಕ್ಕೆ ಕಾರಣವೂ ಗುಹೆಯೇ. ಇಕ್ಕಟ್ಟಿನ ಸಂದಿಯಲ್ಲಿ ಇಬ್ಬರು ಅಕ್ಕಪಕ್ಕದಲ್ಲಿ ಈಜಲಾಗದೆ ಒಬ್ಬರ ಹಿಂದೆ ಒಬ್ಬರು ಹೊರಬರಬೇಕಾದಾಗ, ಮುಂದಿನವನ ಬಾಯಿಂದ ಹಿಂದಿನವನ ಬೆನ್ನಿನವರೆಗೆ ಹೋಸ್ ಮುಟ್ಟಬೇಕು. ಅಷ್ಟು ಉದ್ದದ ಹೋಸ್ ಬೆನ್ನಿನಿಂದ ಬಲ ಸೊಂಟಕ್ಕೆ ಇಳಿದು, ಅಲ್ಲಿ ಬೆಲ್ಟಿನ ಮೇಲಿನ ದೀಪದ ಬ್ಯಾಟರಿ ಡಬ್ಬಿಯ ಕೆಳಗೆ ಅಥವಾ ಬೆಲ್ಟಿನಲ್ಲೇ ಸಿಕ್ಕಿ, ಎದೆಯನ್ನು ಅಡ್ಡಲಾಗಿ ದಾಟಿ, ಎಡ ಭುಜದ ಮೇಲಿಂದ ಕುತ್ತಿಗೆಯ ಹಿಂದೆ ಸುತ್ತಿ, ಬಲಗಡೆಯಿಂದ ಬಾಯಿಗೆ ಬರುತ್ತದೆ.

ನೇತ್ರಾಣಿಯಲ್ಲಿ ಗುಹೆ ಹೊಕ್ಕು ಹೊರಬರುವ ಡೈವಿಂಗ್ ನಡೆಯುವುದಿಲ್ಲ. ತೆರೆದ ನೀರು, ಬಂಡೆ, ಮೇಲೆ ನೇರವಾಗಿ ಆಕಾಶ. ಗಾಳಿ ಮುಗಿದರೆ ಹೋಗಬೇಕಾದದ್ದು ಮೇಲಕ್ಕೆ, ಇನ್ನೊಬ್ಬರ ಹಿಂದೆ ಸಾಲಾಗಿ ಅಲ್ಲ. ಒಂದೇ ಸಿಲಿಂಡರ್ ಹೊತ್ತು ಇಲ್ಲಿ ಡೈವ್ ಮಾಡುವವರಿಗೆ ಏಳಡಿಯ ಹೋಸ್ ಬೇಕಿಲ್ಲ ಎಂದೇ ನಾನು ಹೇಳುತ್ತೇನೆ. ಸೊಂಟದಲ್ಲಿ ಅದನ್ನು ಸಿಕ್ಕಿಸಲು ಜಾಗವಿಲ್ಲದ ಸಾಧಾರಣ ಬಿಸಿಡಿ ಹಾಕಿಕೊಂಡು ಆ ಹೋಸ್ ಬಳಸುವವರನ್ನು ನೋಡಿದರೆ, ಯಾರನ್ನೋ ನೋಡಿ ಕೊಂಡದ್ದು ಎಂಬುದು ಗೊತ್ತಾಗುತ್ತದೆ. ಮುಂದೆ ಗುಹೆ ಅಥವಾ ಮುಳುಗಿದ ಹಡಗಿನೊಳಗಿನ ತರಬೇತಿಗೆ ಹೋಗುವ ಗಟ್ಟಿ ಯೋಜನೆ ಇದ್ದವರ ಮಾತು ಬೇರೆ; ಅವರು ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳುವುದರಲ್ಲಿ ಅರ್ಥವಿದೆ.

ಐದಡಿಯದು, ಅಂದರೆ 152 ಸೆಂ.ಮೀ., ನಡುವಿನ ದಾರಿ. ಅದು ಬಲಗೈಯ ಕೆಳಗಿನಿಂದ ಬಂದು ಎದೆ ದಾಟಿ ಕುತ್ತಿಗೆಯನ್ನು ಸುತ್ತುತ್ತದೆ, ಸೊಂಟದಲ್ಲಿ ಏನೂ ಬೇಕಾಗುವುದಿಲ್ಲ. ಬ್ಯಾಕ್‌ಪ್ಲೇಟ್ ಮತ್ತು ವಿಂಗ್ (ಬೆನ್ನ ಹಲಗೆ ಮತ್ತು ಅದರ ಹಿಂದಿನ ಗಾಳಿಚೀಲ) ಬಳಸುವ ತೆಳ್ಳನೆಯ ಮೈಕಟ್ಟಿನವರಿಗೆ ಇದು ಚೆನ್ನಾಗಿ ಕೂರುತ್ತದೆ. ಆದರೆ ಎದೆ ಅಗಲವಾಗಿದ್ದು ಮೇಲೆ ಜಾಕೆಟ್ ಮಾದರಿಯ ಬಿಸಿಡಿಯೂ ಇದ್ದರೆ ಕುತ್ತಿಗೆಯ ಬಳಿ ಬಿಗಿಯಾಗುತ್ತದೆ.

ನನ್ನ ಶಿಫಾರಸು 40 ಇಂಚಿನ, ಅಂದರೆ 102 ಸೆಂ.ಮೀ. ಹೋಸಿಗೆ. ಇದು ಫಸ್ಟ್ ಸ್ಟೇಜಿನಿಂದ ಬಲ ತೋಳಿನ ಕೆಳಗೆ ಹಾದು, ಎದೆಯ ಬಲಭಾಗದಲ್ಲಿ ಮೈಗೆ ಅಂಟಿಕೊಂಡೇ ಮೇಲೇರಿ ಬಾಯಿಗೆ ಬರುತ್ತದೆ. ಭುಜದ ಮೇಲೆ ಬಿಲ್ಲಾಗುವುದಿಲ್ಲ, ಕುತ್ತಿಗೆಗೆ ಸುತ್ತುವುದಿಲ್ಲ, ಪಕ್ಕೆಯಲ್ಲಿ ಕುಣಿಕೆಯೂ ಉಳಿಯುವುದಿಲ್ಲ. ಕೆಳಗಿನಿಂದ ಬರುವ ಹೋಸ್ ಸೆಕೆಂಡ್ ಸ್ಟೇಜನ್ನು ತಿರುಚದಿರಲು ತುದಿಯಲ್ಲೊಂದು ಮೊಣಕೈ ಜೋಡಣೆ ಬೇಕು. ಸ್ಥಿರವಾದ 90 ಡಿಗ್ರಿಯದೂ ಸಿಗುತ್ತದೆ, ತಿರುಗುವ ಸ್ವಿವೆಲ್ಲೂ ಸಿಗುತ್ತದೆ. ಸ್ವಿವೆಲ್ ಇದ್ದರೆ ತೆಗೆದುಕೊಂಡವನು ಯಾವ ಕೋನದಿಂದ ಬಾಯಿಗಿಟ್ಟರೂ ಹೋಸ್ ಒಪ್ಪಿಕೊಳ್ಳುತ್ತದೆ. ಆದರೆ ಅದರೊಳಗೆ ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರಗಳು, ಅಂದರೆ ಒ-ರಿಂಗುಗಳು, ಹೆಚ್ಚುವರಿಯಾಗಿವೆ, ಸರ್ವೀಸಿಗೆ ಕೊಡುವಾಗ ಅದನ್ನೂ ಮರೆಯದೆ ಕೊಡಬೇಕು. ತೆರೆದ ನೀರಿನ ಡೈವಿಂಗಿಗೆ ನಾನು ಸ್ವಿವೆಲ್ಲನ್ನೇ ಒಪ್ಪುತ್ತೇನೆ. ಹೋಸ್ ಕೈಬದಲಾದ ಮೇಲೆ ಇಬ್ಬರೂ ಎದುರುಬದುರಾಗಿ, ಪರಸ್ಪರರ ಭುಜಪಟ್ಟಿ ಹಿಡಿದುಕೊಂಡು ಮೇಲೇರುವುದಕ್ಕೆ 102 ಸೆಂ.ಮೀ. ಸಾಕಾಗುತ್ತದೆ. ಗಿಡ್ಡನೆಯ ಮೈಕಟ್ಟಿನವರಿಗೆ ಅದೇ ಹೋಸ್ ತೋಳಿನ ಕೆಳಗೆ ಜೋಲುವುದುಂಟು. ಅವರು 36 ಇಂಚಿನದನ್ನು, ಅಂದರೆ 91 ಸೆಂ.ಮೀ.ಯದನ್ನು ನೋಡಬೇಕು.

ಈ ಕ್ರಮದಲ್ಲಿ ನಿಮ್ಮ ಪಾಲಿಗೆ ಉಳಿಯುವ ಸೆಕೆಂಡ್ ಸ್ಟೇಜ್ ಬಲ ಭುಜದ ಮೇಲಿಂದ ಬಂದು ಗದ್ದದ ಕೆಳಗೆ ಎಲಾಸ್ಟಿಕ್ ಹುರಿಯ ಸರದಲ್ಲಿ ತೂಗುತ್ತದೆ. ಅದಕ್ಕೆ 22 ಇಂಚಿನ, ಅಂದರೆ 56 ಸೆಂ.ಮೀ. ಹೋಸ್ ಸಾಕು, ಭುಜ ಅಗಲವಾಗಿದ್ದವರಿಗೆ 24 ಇಂಚು, 61 ಸೆಂ.ಮೀ. ಕೈ ಬಳಸದೆ, ತಲೆ ಬಗ್ಗಿಸಿ ಬಾಯಿಂದಲೇ ಹಿಡಿಯುವಂತಿರಬೇಕು, ಹಿಡಿದ ಮೇಲೆ ತಲೆಯನ್ನು ಎರಡೂ ಕಡೆ ಪೂರ್ತಿ ತಿರುಗಿಸಲು ಬರಬೇಕು. ಇವೆರಡರಲ್ಲಿ ಒಂದಾಗದಿದ್ದರೂ ಅಳತೆ ಸರಿಯಿಲ್ಲ. ಹುರಿಯನ್ನು ಮೌತ್‌ಪೀಸಿನ ಬುಡಕ್ಕೆ ಕಟ್ಟುವಾಗ ಮೌತ್‌ಪೀಸ್ ಹಿಡಿದಿರುವ ಪಟ್ಟಿ ಭದ್ರವಾಗಿದೆಯೇ ನೋಡಿಕೊಳ್ಳಬೇಕು, ಇಲ್ಲವಾದರೆ ಬೇಕಾದಾಗ ಸರದಲ್ಲಿ ರಬ್ಬರ್ ತುಂಡು ಉಳಿದು ಸೆಕೆಂಡ್ ಸ್ಟೇಜ್ ಮಾತ್ರ ಕೆಳಗೆ ಜೋತುಬಿದ್ದಿರುತ್ತದೆ.

ಇನ್‌ಫ್ಲೇಟರಿನಲ್ಲೇ ಸೆಕೆಂಡ್ ಸ್ಟೇಜ್ ಸೇರಿಸಿದ ಬಿಸಿಡಿ ಇದ್ದವರಿಗೆ ಪ್ರತ್ಯೇಕ ಎಚ್ಚರಿಕೆ ಬೇಕು. ಅದು ಎಡ ಭುಜದ ಗಿಡ್ಡ ಕೊಳವೆಗೆ ಅಂಟಿಕೊಂಡಿರುವುದರಿಂದ ಅದನ್ನು ಇನ್ನೊಬ್ಬರಿಗೆ ಕೊಡಲಾಗುವುದಿಲ್ಲ, ಬಾಯಲ್ಲಿರುವುದನ್ನೇ ಕೊಡಬೇಕು. ಹೀಗಿದ್ದೂ ಬಾಯಿಯ ಹೋಸನ್ನು 75 ಸೆಂ.ಮೀ.ಯಲ್ಲೇ ಉಳಿಸಿಕೊಂಡವರಿದ್ದಾರೆ. ಅವರೂ 100 ಸೆಂ.ಮೀ. ಆಸುಪಾಸಿನ ಹೋಸಿಗೆ ಬದಲಾಯಿಸಿಕೊಳ್ಳುವುದು ಅವಶ್ಯ.

ಮಾಮೂಲಿ ಇನ್‌ಫ್ಲೇಟರಿನ ಹೋಸ್ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಬಿಸಿಡಿಯ ಸುರುಳಿ ಕೊಳವೆಯ ಉದ್ದಕ್ಕೆ ಅದು ಹೊಂದಬೇಕು, ಇನ್‌ಫ್ಲೇಟರನ್ನು ತಲೆಯ ಮೇಲೆತ್ತಿ ಗಾಳಿ ಬಿಡುವಾಗ ಎಳೆಯಬಾರದು. ವಿಂಗ್ ಬಳಸುವವರಿಗೆ ಸಾಮಾನ್ಯವಾಗಿ 56 ಸೆಂ.ಮೀ. ಸಾಕು, ಜಾಕೆಟ್ ಮಾದರಿಗೆ 65ರಿಂದ 70 ಸೆಂ.ಮೀ. ಬೇಕಾಗಬಹುದು.

ಗೇಜಿನ ಹೋಸಿಗೆ ನಾನು ಹೇಳುವ ಅಳತೆ 61 ಸೆಂ.ಮೀ. ಕಾರ್ಖಾನೆಯಿಂದ ಬರುವ 80–90 ಸೆಂ.ಮೀ. ಹೋಸ್, ಆಳ ಮತ್ತು ಸಮಯ ತೋರಿಸುವ ಡೈವ್ ಕಂಪ್ಯೂಟರ್ ಮತ್ತು ದಿಕ್ಸೂಚಿ ಸೇರಿದ ಭಾರವಾದ ಕನ್ಸೋಲನ್ನು ಎತ್ತಿ ಕಣ್ಣ ಮುಂದೆ ಹಿಡಿಯುವ ಉದ್ದೇಶಕ್ಕೆ ಮಾಡಿದ್ದು. ಕಂಪ್ಯೂಟರ್ ಮಣಿಕಟ್ಟಿಗೆ ಬಂದ ಮೇಲೆ ಬರೀ ಗೇಜಿಗೆ ಅಷ್ಟುದ್ದ ಏಕೆ? 61 ಸೆಂ.ಮೀ.ಯದು ಎಡ ಪಕ್ಕೆಯ ಉದ್ದಕ್ಕೂ ನೇರವಾಗಿ ಇಳಿದು ಎಡ ಸೊಂಟದ ಡಿ-ರಿಂಗಿಗೆ ಕ್ಲಿಪ್ಪಿನಲ್ಲಿ ನಿಲ್ಲುತ್ತದೆ. ಜೋತಾಡುವ ಕನ್ಸೋಲ್ ಹವಳಕ್ಕೆ ತಾಗುವುದು ನೇತ್ರಾಣಿಯಲ್ಲಿ ನಾನು ಮತ್ತೆ ಮತ್ತೆ ಕಂಡಿರುವ, ಸುಲಭವಾಗಿ ತಪ್ಪಿಸಬಹುದಾದ ಹಾನಿ.

ಪೂರ್ತಿ ಒತ್ತಡ ಹೊತ್ತ ಈ ಹೋಸ್ ಒಡೆದರೆ ಎಲ್ಲಕ್ಕಿಂತ ದೊಡ್ಡ ಅಪಾಯ ಎಂದು ಹೊಸಬರು ಭಾವಿಸುತ್ತಾರೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಪವರ್ ಸ್ಪ್ರೇಯರಿನ ಪೈಪು ಒಡೆದದ್ದನ್ನು ನೋಡಿದ ಅಡಿಕೆ ತೋಟದ ಮನೆಯವರಿಗೆ ಹಾಗನ್ನಿಸುವುದು ಸಹಜ: ಒತ್ತಡ ಹೆಚ್ಚಿದ್ದಷ್ಟೂ ಡ್ರಮ್ಮು ಬೇಗ ಖಾಲಿ. ಇಲ್ಲಿ ಹಾಗಲ್ಲ. ಗೇಜಿಗೆ ತಲುಪಬೇಕಾದದ್ದು ಒತ್ತಡವೇ ಹೊರತು ಗಾಳಿಯ ಹರಿವಲ್ಲ, ಆದ್ದರಿಂದ ಫಸ್ಟ್ ಸ್ಟೇಜಿನ ಕಡೆ ಸೂಜಿಮೊನೆಯಷ್ಟು ಸಣ್ಣ ರಂಧ್ರವನ್ನಷ್ಟೇ ಇಟ್ಟಿರುತ್ತಾರೆ. ಹೋಸ್ ಒಡೆದರೂ ಗಾಳಿ ಆ ರಂಧ್ರದ ಮೂಲಕವೇ ಹೊರಬರಬೇಕು. ಕಡಿಮೆ ಒತ್ತಡದ ಹೋಸಿನ ದಾರಿಯಲ್ಲಿ ಅಂಥ ತಡೆ ಇಲ್ಲ, ಅದು ಒಡೆದರೆ ಸಿಲಿಂಡರ್ ಬರಿದಾಗುವುದು ಬಹಳ ಬೇಗ. ಹೀಗಾಗಿ ಬಿರುಕು ಹುಡುಕುವಾಗ ಗೇಜಿನ ಹೋಸಿಗಿಂತ ಬಾಯಿಯ ಹೋಸಿನ ಮೇಲೆಯೇ ಹೆಚ್ಚು ಕಣ್ಣಿಡಬೇಕು.

ಈಗ ಅಳೆಯುವ ವಿಧಾನ. ಮೇಲೆ ಕೊಟ್ಟ ಸಂಖ್ಯೆಗಳು ಆರಂಭಕ್ಕೆ ಮಾತ್ರ, ಏಕೆಂದರೆ ಫಸ್ಟ್ ಸ್ಟೇಜಿನ ಪೋರ್ಟುಗಳ, ಅಂದರೆ ಹೋಸ್ ಜೋಡಿಸುವ ರಂಧ್ರಗಳ, ದಿಕ್ಕು ಒಂದರಿಂದ ಒಂದಕ್ಕೆ ಬೇರೆ. ಕೆಲವದರಲ್ಲಿ ಪೋರ್ಟುಗಳು ಕೆಳಕ್ಕೆ ಓರೆಯಾಗಿವೆ, ಕೆಲವದರಲ್ಲಿ ನೇರ ಅಡ್ಡಕ್ಕಿವೆ, ಕೆಲವದರಲ್ಲಿ ಇಡೀ ತಲೆಯೇ ತಿರುಗುತ್ತದೆ. ಇಷ್ಟರಲ್ಲೇ ಒಂದು ಗೇಣಿನವರೆಗೆ ವ್ಯತ್ಯಾಸ ಬರಬಹುದು. ಮನೆಯಲ್ಲೇ ಬಿಸಿಡಿಗೆ ಸಿಲಿಂಡರ್ ಕಟ್ಟಿ, ವೆಟ್‌ಸೂಟ್ ತೊಟ್ಟು (ನಮ್ಮ ಕಡಲಿನ ಬೆಚ್ಚನೆಯ ನೀರಿಗೆ 3 ಮಿ.ಮೀ. ಸೂಟೇ ಹೆಚ್ಚು), ಪಟ್ಟಿಗಳನ್ನು ಡೈವಿನಲ್ಲಿ ಬಿಗಿದುಕೊಳ್ಳುವಷ್ಟೇ ಬಿಗಿದು ನಿಲ್ಲಿ. ಹಿಗ್ಗದ ನೈಲಾನ್ ಹಗ್ಗವೊಂದನ್ನು ಪೋರ್ಟಿನಿಂದ ಹೋಸ್ ಹೋಗಬೇಕಾದ ದಾರಿಯಲ್ಲೇ ಬಾಯಿಯವರೆಗೆ ಇನ್ನೊಬ್ಬರಿಂದ ಹಿಡಿಸಿ, ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿದ ಸ್ಥಿತಿಯಲ್ಲಿ ಗುರುತು ಮಾಡಿಸಿ. ಹಗ್ಗ ಬಾಗುವಷ್ಟು ಸಲೀಸಾಗಿ ಹೋಸ್ ಬಾಗುವುದಿಲ್ಲ, ಆದ್ದರಿಂದ ರಬ್ಬರ್ ಹೋಸಾದರೆ ಐದಾರು ಸೆಂ.ಮೀ. ಸೇರಿಸಿ. ತರಿಸುವ ಮೊದಲು ಅಂಗಡಿಯವರನ್ನು ಕೇಳಬೇಕಾದ ಒಂದು ಮಾತಿದೆ: ಅವರು ಹೇಳುವ ಉದ್ದ ಎರಡೂ ತುದಿಯ ಲೋಹದ ಜೋಡಣೆ ಸೇರಿಸಿಯೋ, ಬರೀ ಕೊಳವೆಯದ್ದೋ? ತಯಾರಕರು ಇದನ್ನು ಒಂದೇ ರೀತಿ ಅಳೆಯುವುದಿಲ್ಲ.

ಪ್ರತಿ ಸಲವೂ ಬಾಡಿಗೆಯ ಬಿಸಿಡಿ ಬಳಸುವವರು ಇಷ್ಟು ನಿಖರವಾಗಿ ಅಳೆಯುವುದರಲ್ಲಿ ಅರ್ಥವಿಲ್ಲ. ದೋಣಿಯ ಹುಡುಗರು ಸಿಲಿಂಡರನ್ನು ಒಂದು ದಿನ ಮೇಲಕ್ಕೆ, ಇನ್ನೊಂದು ದಿನ ಕೆಳಕ್ಕೆ ಕಟ್ಟಿರುತ್ತಾರೆ. ಅಂಥವರಿಗೆ ಮೈಗೆ ಅಂಟುವ ಅಳತೆಗಿಂತ ಸ್ವಲ್ಪ ಸಡಿಲವೇ ಲೇಸು.

ಹೊರಗೆ ನೈಲಾನ್ ಹೆಣಿಗೆ ಇರುವ ಹೋಸ್ ಹಗುರ, ಹೇಗೆ ಬೇಕಾದರೂ ಬಾಗುತ್ತದೆ, ನೋಡಲೂ ಚೆಂದ. ಆದರೆ ಅಂಥ ಕೆಲವು ಹೋಸ್‌ಗಳ ಒಳಪದರ ಶಾಖ ಮತ್ತು ತೇವದಿಂದ ಕ್ರಮೇಣ ಕೆಟ್ಟು, ಒಳಗೆ ಹರಳುಗಳು ಕೂಡಿಕೊಂಡು ಗಾಳಿಯ ದಾರಿ ಕಟ್ಟಿದ ಪ್ರಕರಣಗಳಿವೆ. ಡೈವರ್‌ಗಳ ಸುರಕ್ಷತೆಗಾಗಿ ಕೆಲಸ ಮಾಡುವ ಡ್ಯಾನ್ ಸಂಸ್ಥೆ ಈ ಬಗ್ಗೆ ಎಚ್ಚರಿಸಿದೆ. ಹೊರಗಿನಿಂದ ಇದು ಕಾಣುವುದಿಲ್ಲ. ನಾಲ್ಕು ತಿಂಗಳು ಗೋಡೆಯೇ ಬೆವರುವ ನಮ್ಮ ಊರುಗಳಲ್ಲಿ, ಬಾಯಿಗೆ ಹೋಗುವ ಎರಡು ಹೋಸ್‌ಗಳಿಗೆ ನಾನು ರಬ್ಬರನ್ನೇ ಆರಿಸುತ್ತೇನೆ. ಮಲೆನಾಡಿನ ಮನೆಗಳಲ್ಲಿ ಇನ್ನೊಂದು ಅಭ್ಯಾಸವಿದೆ: ಮಳೆಗಾಲದಲ್ಲಿ ಒಣಗದ ಬಟ್ಟೆಯನ್ನೆಲ್ಲ ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕುವುದು. ಹೋಸ್‌ಗಳನ್ನು ಅಲ್ಲಿ ಹಾಕಬಾರದು, ಹಂಚಿನಡಿಯ ಅಟ್ಟದಲ್ಲೂ ಇಡಬಾರದು; ಶಾಖವೂ ಹೊಗೆಯೂ ರಬ್ಬರಿಗೆ ಆಗಿಬರುವುದಿಲ್ಲ. ಸಿಹಿನೀರಿನಲ್ಲಿ ತೊಳೆದು, ಫ್ಯಾನಿನ ಗಾಳಿಗೆ ಒಣಗಿಸಿ, ದೊಡ್ಡ ಸುತ್ತುಗಳಾಗಿ ಮಡಿಸಿ ಒಳಕೋಣೆಯಲ್ಲಿಡಿ. ತುದಿಗಳಲ್ಲಿರುವ ರಬ್ಬರ್ ಕವಚವನ್ನು ಆಗಾಗ ಹಿಂದೆ ಸರಿಸಿ ನೋಡಬೇಕು, ಉಪ್ಪು ಕೂತು ಲೋಹ ತಿನ್ನುವುದೂ ಬಿರುಕು ಮೊದಲು ಬಿಡುವುದೂ ಅದರ ಅಡಿಯಲ್ಲೇ.

ಹೋಸ್ ಬದಲಿಸುವಾಗ ತಪ್ಪು ಪೋರ್ಟಿಗೆ ಹಾಕುವ ಭಯ ಬೇಡ. ಕಡಿಮೆ ಒತ್ತಡದ ಪೋರ್ಟಿನ ಎಳೆ ಸಾಮಾನ್ಯವಾಗಿ ⅜ ಇಂಚು, ಹೆಚ್ಚು ಒತ್ತಡದ್ದು 7/16 ಇಂಚು, ಒಂದರ ಹೋಸ್ ಇನ್ನೊಂದಕ್ಕೆ ಕೂರುವುದಿಲ್ಲ. ಕೆಲವು ಹಳೆಯ ಫಸ್ಟ್ ಸ್ಟೇಜುಗಳಲ್ಲಿ ಬಾಯಿಯ ಹೋಸಿಗೆಂದೇ ½ ಇಂಚಿನ ಪೋರ್ಟ್ ಒಂದು ಇರುವುದುಂಟು. ಸೆಕೆಂಡ್ ಹ್ಯಾಂಡ್ ಕೊಂಡವರು ತರಿಸುವ ಮೊದಲು ನೋಡಿಕೊಳ್ಳಬೇಕು. ಗಾಳಿಯನ್ನು ಹಿಡಿಯುವುದು ಒ-ರಿಂಗೇ ಹೊರತು ಸ್ಪ್ಯಾನರಿನ ಬಲವಲ್ಲ, ಹಾಗಾಗಿ ಬೆರಳಿನಿಂದ ಪೂರ್ತಿ ತಿರುಗಿಸಿದ ಮೇಲೆ ಸ್ಪ್ಯಾನರಿನಲ್ಲಿ ಹಗುರವಾಗಿ ಕೂರಿಸಿದರೆ ಸಾಕು. ಆಮೇಲೆ ಸಿಲಿಂಡರ್ ತೆರೆದು ಎಲ್ಲವನ್ನೂ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು.

ಖರ್ಚಿನ ಬಗ್ಗೆ ಚಿಂತಿಸುವವರಿಗೆ ಒಂದು ಅನುಕೂಲವಿದೆ. ನಿಮ್ಮ ಆಕ್ಟೋಪಸ್ಸಿನಲ್ಲಿ ಈಗಾಗಲೇ 100 ಸೆಂ.ಮೀ. ಆಸುಪಾಸಿನ ಹೋಸ್ ಇದ್ದರೆ, ಅದನ್ನೇ ಬಿಚ್ಚಿ ಮುಖ್ಯ ಸೆಕೆಂಡ್ ಸ್ಟೇಜಿಗೆ ಜೋಡಿಸಿ ತೋಳಿನ ಕೆಳಗಿನ ಹೋಸಾಗಿ ಬಳಸಬಹುದು. ಹೊಸದಾಗಿ ಕೊಳ್ಳಬೇಕಾದದ್ದು 56 ಸೆಂ.ಮೀ. ಹೋಸ್ ಒಂದು, ಸ್ವಿವೆಲ್ ಒಂದು, ಮೊಳದಷ್ಟು ಎಲಾಸ್ಟಿಕ್ ಹುರಿ. ಆ ಹೋಸ್ ಹಳದಿಯದಾಗಿದ್ದರೆ ಇನ್ನೂ ಒಳ್ಳೆಯದು, ಕೊಡುವುದು ಯಾವುದು ಎಂಬುದು ದೂರದಿಂದಲೇ ತಿಳಿಯುತ್ತದೆ. ಹೊಸಬರನ್ನು ಕರೆದುಕೊಂಡು ಇಳಿಯುವ ಕೆಲಸ ಮಾಡುವವರು ಮಾತ್ರ ಮಾಮೂಲಿ ಜೋಡಣೆಯನ್ನೇ ಉಳಿಸಿಕೊಳ್ಳಲಿ, ಅವರ ಜೊತೆಗಾರರು ಕಲಿತಿರುವುದು ಅದನ್ನೇ. ಉಳಿದವರು ದೋಣಿಯಲ್ಲಿ ಅಪರಿಚಿತರ ಜೋಡಿಯಾದಾಗ, ಮುರುಡೇಶ್ವರದಿಂದ ದ್ವೀಪದವರೆಗಿನ ಸುಮಾರು 19 ಕಿ.ಮೀ. ದಾರಿಯಲ್ಲಿ ಎರಡು ನಿಮಿಷ ತೆಗೆದು, ಬಾಯಲ್ಲಿರುವುದನ್ನು ನಾನೇ ಕೊಡುತ್ತೇನೆ ಎಂದು ಹೇಳಿ, ಹೋಸ್ ಎಲ್ಲಿಯವರೆಗೆ ಬರುತ್ತದೆ ಎಂದು ಎಳೆದು ತೋರಿಸಿರಬೇಕು. ಜೋಡಣೆ ಬದಲಿಸಿಕೊಂಡವರು ಅಕ್ಟೋಬರ್‌ವರೆಗೆ ಕಾಯದೆ, ಯಾವುದಾದರೂ ಈಜುಕೊಳದಲ್ಲಿ ತರಬೇತುದಾರರೊಬ್ಬರನ್ನು ಜೊತೆಗಿಟ್ಟುಕೊಂಡು ಇದನ್ನು ಅಭ್ಯಾಸ ಮಾಡುವುದು ಒಳ್ಳೆಯದು: ಕೊಡುವುದು, ಸರದಲ್ಲಿರುವುದನ್ನು ಬಾಯಿಗೆ ತೆಗೆದುಕೊಳ್ಳುವುದು, ಇಬ್ಬರೂ ಅದೇ ಸ್ಥಿತಿಯಲ್ಲಿ ಕೊಳದ ಒಂದು ಉದ್ದ ಈಜುವುದು, ಮತ್ತೆ ಬದಲಾಯಿಸಿಕೊಳ್ಳುವುದು. ಹೋಸ್ ಒಂದೆರಡು ಇಂಚು ಹೆಚ್ಚೋ ಕಡಿಮೆಯೋ ಎಂಬುದು ಅಲ್ಲಿಯೇ ತಿಳಿಯುತ್ತದೆ, ಬದಲಿಗೆ ತರಿಸಿಕೊಳ್ಳಲು ಆಗ ಇನ್ನೂ ಸಮಯವೂ ಇರುತ್ತದೆ.